ಮೀನಿಗೂ ಬರುತ್ತದೆ ಅಂಟುರೋಗ: ಜಿಲೇಬಿ ಮೀನಿನ ವೈರಸ್ ಬಗ್ಗೆ ತಿಳಿಯೋಣ



ಕೋಳಿಗೆ ಕೊಕ್ಕರೆ ರೋಗ ಬರುತ್ತದೆ, ದನಕ್ಕೆ ಕಾಲುಬಾಯಿ ಜ್ವರ ಬರುತ್ತದೆ. ಇದು ನಮಗೆಲ್ಲ ಗೊತ್ತು. ಆದರೆ ನೀರಿನೊಳಗಿರುವ ಮೀನಿಗೂ ಇಂಥ ಅಂಟುರೋಗ ಬರುತ್ತದೆ ಅಂದರೆ ಅನೇಕರು ನಂಬುವುದಿಲ್ಲ. "ನೀರು ಕೆಟ್ಟಿರಬೇಕು", "ಯಾರೋ ವಿಷ ಹಾಕಿರಬೇಕು", "ಯಾರದೋ ಕಣ್ಣು ಬಿತ್ತು" ಅಂತ ಮಾತಾಡಿಕೊಂಡು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಹೊಂಡ ಖಾಲಿಯಾಗಿರುತ್ತದೆ, ಬ್ಯಾಂಕಿನ ಸಾಲ ಮಾತ್ರ ಹಾಗೇ ಉಳಿದಿರುತ್ತದೆ.

ಈಗ ಅನೇಕ ಸ್ವಸಹಾಯ ಸಂಘಗಳು ಕೃಷಿ ಹೊಂಡದಲ್ಲಿ, ಪಂಚಾಯ್ತಿ ಕೆರೆಯಲ್ಲಿ ಮೀನು ಸಾಕುತ್ತಿವೆ. ಕೆಲವರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಡುತ್ತಾರೆ. ಇನ್ನು ಕೆಲವರು ಬೇಗ ಬೆಳೆಯುತ್ತದೆ ಎಂದು ತಿಲಾಪಿಯ, ಅಂದರೆ ನಾವು ಜಿಲೇಬಿ ಎಂದು ಕರೆಯುವ ಮೀನನ್ನು ಸಾಕುತ್ತಾರೆ. ಈ ಪಾಠ ಜಿಲೇಬಿ ಮೀನಿಗೆ ಬರುವ ಒಂದು ವೈರಸ್ ರೋಗದ ಕುರಿತಾದದ್ದು. ಜಿಲೇಬಿ ಸಾಕದವರೂ ಓದಿ. ರೋಗ ಹರಡುವ ದಾರಿ, ತಡೆಯುವ ದಾರಿ ಎಲ್ಲ ಮೀನಿಗೂ ಹೆಚ್ಚುಕಡಿಮೆ ಒಂದೇ.

1. ವೈರಸ್ ಎಂದರೇನು?

ವೈರಸ್ ಎಂದರೆ ಕಣ್ಣಿಗೆ ಕಾಣದ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ಅತಿ ಚಿಕ್ಕ ರೋಗಾಣು. ಅದು ತಾನಾಗಿ ಬೆಳೆಯಲಾರದು. ಜೀವ ಇರುವ ದೇಹದೊಳಗೆ ಹೊಕ್ಕು, ಅಲ್ಲಿನ ಜೀವಕೋಶಗಳನ್ನೇ ಬಳಸಿಕೊಂಡು ತನ್ನಂಥ ಸಾವಿರಾರು ವೈರಸ್‌ಗಳನ್ನು ಹುಟ್ಟಿಸುತ್ತದೆ. ಬ್ಯಾಕ್ಟೀರಿಯಾ ಬೇರೆ, ವೈರಸ್ ಬೇರೆ. ಬ್ಯಾಕ್ಟೀರಿಯಾ ರೋಗಕ್ಕೆ ಆಂಟಿಬಯೋಟಿಕ್ ಔಷಧಿ ಕೆಲಸ ಮಾಡುತ್ತದೆ. ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಮುಂದೆ ನಿಮ್ಮ ದುಡ್ಡು ಉಳಿಯುತ್ತದೆ.

ಪ್ರತಿ ವೈರಸ್‌ಗೂ ತನಗೆ ಒಗ್ಗುವ ಪ್ರಾಣಿ ಅಂತ ಇರುತ್ತದೆ. ನಾವು ಹೇಳುತ್ತಿರುವ ವೈರಸ್‌ನ ಹೆಸರು 'ತಿಲಾಪಿಯ ಲೇಕ್ ವೈರಸ್'. ಲೇಕ್ ಎಂದರೆ ಸರೋವರ. ಜಿಲೇಬಿ ಮೀನಿನ ಪಿತ್ತಜನಕಾಂಗ, ಮಿದುಳು, ಕಣ್ಣು ಇವುಗಳಿಗೆ ಇದು ಹಾನಿ ಮಾಡುತ್ತದೆ.

2. ಈ ರೋಗ ಎಲ್ಲಿಂದ ಬಂತು?

ಗಲಿಲೇಯ ಸರೋವರದ ಹೆಸರು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಪೇತ್ರ, ಅಂದ್ರೆಯ ಬಲೆ ಬೀಸುತ್ತಿದ್ದ ಸರೋವರ ಅದು. ಈಗ ಅದು ಇಸ್ರೇಲ್ ದೇಶದಲ್ಲಿದೆ. ಅಲ್ಲಿನ ಜಿಲೇಬಿ ಜಾತಿಯ ಮೀನಿಗೆ 'ಸಂತ ಪೇತ್ರರ ಮೀನು' ಎಂದೇ ಹೆಸರು. 2009ರಿಂದ ಈ ಸರೋವರದಲ್ಲೂ ಸುತ್ತಲಿನ ಸಾಕಣೆ ಹೊಂಡಗಳಲ್ಲೂ ಜಿಲೇಬಿ ಮೀನುಗಳು ರಾಶಿ ರಾಶಿಯಾಗಿ ಸಾಯತೊಡಗಿದವು. ಹೊಂಡಗಳಲ್ಲಿ ಜೊತೆಗೇ ಇದ್ದ ಗೆಂಡೆ ಮೀನುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ವಿಜ್ಞಾನಿಗಳು ಹುಡುಕುತ್ತಾ ಹೋಗಿ 2014ರಲ್ಲಿ ಇದು ಹೊಸದೊಂದು ವೈರಸ್ ಎಂದು ಕಂಡುಹಿಡಿದರು. ಅದೇ ವರ್ಷ ಭೂಮಿಯ ಇನ್ನೊಂದು ಕಡೆ ಇರುವ ಈಕ್ವೆಡಾರ್ ದೇಶದ ಮೀನು ಸಾಕಣೆಯಲ್ಲೂ ಇಂಥದೇ ಸಾವಿನ ವರದಿ ಬಂತು. ಅದಕ್ಕೂ ಇದೇ ವೈರಸ್ ಕಾರಣ ಎಂದು ಆಮೇಲೆ ಗೊತ್ತಾಯಿತು.

ಮುಂದೆ ಈಜಿಪ್ಟ್, ಥಾಯ್ಲೆಂಡ್, ಮಲೇಷ್ಯಾ, ಫಿಲಿಪ್ಪೀನ್ಸ್ ಹೀಗೆ ಒಂದೊಂದೇ ದೇಶದಿಂದ ಸುದ್ದಿ ಬರತೊಡಗಿತು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಲ್ಲ ದೇಶಗಳಿಗೂ ಎಚ್ಚರಿಕೆ ಕೊಟ್ಟಿತು. 2018ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಪಶ್ಚಿಮ ಬಂಗಾಳ ಮತ್ತು ಕೇರಳದ ಸಾಕಣೆ ಹೊಂಡಗಳಲ್ಲಿ ಈ ವೈರಸ್ ಇರುವುದನ್ನು ವರದಿ ಮಾಡಿದರು. ಅಲ್ಲಿ 100 ಮೀನಿನಲ್ಲಿ 85ಕ್ಕೂ ಹೆಚ್ಚು ಸತ್ತಿದ್ದವು. ಕೇರಳ ನಮ್ಮ ಪಕ್ಕದ ರಾಜ್ಯ. ಮೀನುಮರಿ ತುಂಬಿದ ಗಾಡಿ ಒಂದು ರಾತ್ರಿಯಲ್ಲಿ ಗಡಿ ದಾಟಿ ಬರುತ್ತದೆ. ಆದ್ದರಿಂದ ಇದು ದೂರದ ದೇಶದ ಕಥೆ ಎಂದು ಬಿಡುವ ಹಾಗಿಲ್ಲ.

ಸಂಘದ ಲೆಕ್ಕದಲ್ಲಿ ಹೇಳೋಣ. ಒಂದು ಸಂಘ 2000 ಜಿಲೇಬಿ ಮರಿ ಬಿಟ್ಟಿದೆ ಎಂದುಕೊಳ್ಳಿ. 100ಕ್ಕೆ 85 ಸತ್ತರೆ ಉಳಿಯುವುದು 300 ಮಾತ್ರ. ಮರಿಯ ದುಡ್ಡು, ಅಷ್ಟು ದಿನ ಹಾಕಿದ ತೌಡು-ಹಿಂಡಿಯ ದುಡ್ಡು, ಸದಸ್ಯೆಯರು ಸರದಿಯಲ್ಲಿ ಕಾವಲು ಕಾದ ಶ್ರಮ ಎಲ್ಲಾ ನೀರಿನಲ್ಲಿ ಹೋಯಿತು. ಆದರೆ ಸಾಲದ ಕಂತು 300 ಮೀನಿನ ಲೆಕ್ಕಕ್ಕೆ ಇಳಿಯುವುದಿಲ್ಲ.

3. ಹೇಗೆ ಹರಡುತ್ತದೆ?

ಈ ರೋಗ ದೇಶದಿಂದ ದೇಶಕ್ಕೆ ತಾನಾಗಿ ಈಜಿಕೊಂಡು ಹೋಗಿಲ್ಲ. ಬಹುಪಾಲು ಮನುಷ್ಯರೇ ಅದನ್ನು ಹೊತ್ತುಕೊಂಡು ಹೋಗಿದ್ದಾರೆ, ಅದೂ ಮೀನುಮರಿಯ ರೂಪದಲ್ಲಿ. ಥಾಯ್ಲೆಂಡ್‌ನ ಮರಿ ಉತ್ಪಾದನಾ ಕೇಂದ್ರದಲ್ಲಿ 2012ರಿಂದ 2017ರವರೆಗೆ ತೆಗೆದಿಟ್ಟಿದ್ದ ಮಾದರಿಗಳನ್ನು ಪರೀಕ್ಷಿಸಿದಾಗ ಅದರಲ್ಲಿ ವೈರಸ್ ಸಿಕ್ಕಿತು. ರೋಗಕ್ಕೆ ಹೆಸರು ಇಡುವ ಮೊದಲೇ ಅದು ಮರಿಗಳಲ್ಲಿ ಇತ್ತು! ರೋಗ ತಗುಲಿದ ಇಂಥ ಮೂಲಗಳಿಂದ 40ಕ್ಕೂ ಹೆಚ್ಚು ದೇಶಗಳಿಗೆ ಮರಿ ಹೋಗಿರಬಹುದು ಎಂದು ಆ ಸಂಶೋಧಕರು 2017ರಲ್ಲೇ ಎಚ್ಚರಿಸಿದರು.

ರೋಗ ಹರಡುವ ದಾರಿಗಳು ಇವು:

- ಮರಿಯ ಮೂಲಕ: ನೋಡಲು ಚೆನ್ನಾಗಿರುವ ಮರಿಯ ಮೈಯಲ್ಲೂ ವೈರಸ್ ಅಡಗಿರಬಹುದು. ತಾಯಿ ಮೀನಿನಿಂದ ಮೊಟ್ಟೆಗೂ ಬರುತ್ತದೆ.
- ಜೊತೆಯಲ್ಲಿರುವುದರಿಂದ: ಒಂದೇ ನೀರಿನಲ್ಲಿರುವ ಮೀನಿನಿಂದ ಮೀನಿಗೆ ತಗಲುತ್ತದೆ. ಸತ್ತ ಮೀನನ್ನು ಉಳಿದವು ತಿಂದರೂ ಅಪಾಯ.
- ನೀರಿನ ಮೂಲಕ: ರೋಗ ಬಂದ ಹೊಂಡದ ನೀರನ್ನು ಕಾಲುವೆಗೆ ಬಿಟ್ಟರೆ ಕೆಳಗಿನ ಹೊಂಡಕ್ಕೂ ಹೋಗುತ್ತದೆ.
- ಸಾಮಾನಿನ ಮೂಲಕ: ಬಲೆ, ಬುಟ್ಟಿ, ಬಕೆಟ್, ಮರಿ ತಂದ ಕವರಿನ ನೀರು, ವ್ಯಾಪಾರಿಯ ಗಾಡಿಯ ತೊಟ್ಟಿ. ಒದ್ದೆ ಬಲೆಯೊಂದು ಊರೂರು ತಿರುಗಿದರೆ ರೋಗವೂ ತಿರುಗುತ್ತದೆ.
- ಬೆಳ್ಳಕ್ಕಿ, ನೀರುಕಾಗೆಯಂಥ ಹಕ್ಕಿಗಳು ಸಾಯುತ್ತಿರುವ ಮೀನನ್ನು ಕಚ್ಚಿಕೊಂಡು ಹೋಗಿ ಇನ್ನೊಂದು ಹೊಂಡಕ್ಕೆ ಬೀಳಿಸಬಹುದು.

ಗೆಂಡೆ ಮೀನು ಸಾಕುವವರಿಗೂ ಇದರಲ್ಲಿ ಪಾಠವಿದೆ. ಸಾಮಾನ್ಯ ಗೆಂಡೆಗೆ ಬರುವ ಇನ್ನೊಂದು ವೈರಸ್ ರೋಗ, 'ಕೋಯಿ ಹರ್ಪಿಸ್', 2002ರಲ್ಲಿ ಇಂಡೋನೇಷ್ಯಾಕ್ಕೆ ಬಂತು. ಬಂದದ್ದು ಹೇಗೆ? ಅಂದಕ್ಕೆ ಸಾಕುವ ಬಣ್ಣದ ಕೋಯಿ ಮೀನುಗಳ ಜೊತೆಗೆ. ಅದು ಹೊಟ್ಟೆಪಾಡಿಗೆ ಗೆಂಡೆ ಸಾಕುತ್ತಿದ್ದ ಬಡವರ ಹೊಂಡಗಳಿಗೆ ಹೊಕ್ಕಿತು. ಮರುವರ್ಷ ಜಪಾನಿನ ಕಸುಮಿಗೌರ ಸರೋವರದಲ್ಲೂ ಗೆಂಡೆಗಳು ಸತ್ತವು.

4. ಗುರುತಿಸುವುದು ಹೇಗೆ?

ಮರಿ ಬಿಟ್ಟ ಮೊದಲ ಒಂದು ತಿಂಗಳು ಬಹಳ ಮುಖ್ಯ. ಥಾಯ್ಲೆಂಡ್‌ನಲ್ಲಿ ಹೆಚ್ಚಿನ ಸಾವು ಕಂಡದ್ದು ಮರಿಗಳನ್ನು ಹೊಸ ಜಾಗಕ್ಕೆ ಬಿಟ್ಟ ಒಂದು ತಿಂಗಳೊಳಗೆ. ದೊಡ್ಡ ಮೀನಿಗಿಂತ ಚಿಕ್ಕ ಮೀನಿಗೆ ಅಪಾಯ ಹೆಚ್ಚು. ನೀರು ಬೆಚ್ಚಗಿರುವ ಕಾಲದಲ್ಲಿ ರೋಗ ಜೋರು.

ನೋಡಬೇಕಾದ ಲಕ್ಷಣಗಳು:

- ಮೇವು ಹಾಕಿದರೆ ಮೇಲೆ ಬರುವುದಿಲ್ಲ. ಇದೇ ಮೊದಲ ಸೂಚನೆ.
- ಗುಂಪು ಬಿಟ್ಟು ಒಂಟಿಯಾಗಿ, ಮಂಕಾಗಿ ದಡದ ಹತ್ತಿರ ನಿಲ್ಲುತ್ತದೆ.
- ಮೈಮೇಲೆ ಕೆಂಪು ಮಚ್ಚೆ, ಚರ್ಮ ಕಿತ್ತುಹೋಗುವುದು, ಹುರುಪೆ ಎದ್ದು ನಿಲ್ಲುವುದು.
- ಕಣ್ಣು ಉಬ್ಬುವುದು, ಅಥವಾ ಕಣ್ಣಿಗೆ ಪೊರೆ ಬಂದಂತೆ ಬೆಳ್ಳಗಾಗುವುದು, ಒಳಗೆ ಸೇರಿಹೋಗುವುದು.
- ಹೊಟ್ಟೆ ಊದಿಕೊಳ್ಳುವುದು, ಕಿವಿರು ಬಿಳಿಚಿಕೊಳ್ಳುವುದು.
- ಇವತ್ತು ಹತ್ತು, ನಾಳೆ ಐವತ್ತು, ನಾಡಿದ್ದು ಇನ್ನೂರು ಎಂದು ಸಾವು ದಿನದಿಂದ ದಿನಕ್ಕೆ ಏರುವುದು.

ಆದರೆ ಮೀನು ಸತ್ತ ಕೂಡಲೇ ವೈರಸ್ ಎಂದು ಹೆದರಬಾರದು. ಸಾವಿಗೆ ಬೇರೆ ಕಾರಣಗಳೂ ಇವೆ. ಹೋಲಿಸಿ ನೋಡಿ:

ಗಾಳಿ ಕಡಿಮೆಯಾದಾಗ: ಮೋಡ ಕವಿದ ದಿನ, ಸಗಣಿ ಗೊಬ್ಬರ ಜಾಸ್ತಿಯಾದಾಗ, ನೀರು ಕಡುಹಸಿರಾದಾಗ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಬೆಳಗಿನ ಜಾವ ಎಲ್ಲಾ ಜಾತಿಯ ಮೀನುಗಳೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಬಿಸಿಲು ಏರಿದ ಮೇಲೆ, ಅಥವಾ ಹೊಸ ನೀರು ಬಿಟ್ಟ ಮೇಲೆ ಉಳಿದವು ಸುಧಾರಿಸಿಕೊಳ್ಳುತ್ತವೆ. ಒಂದೇ ರಾತ್ರಿಯಲ್ಲಿ ಆಗುವ ಸಾವು ಇದು.

ಕೆಂಪು ಹುಣ್ಣು ರೋಗ: ನಮ್ಮ ದೇಶಕ್ಕೆ 1988ರಲ್ಲಿ ಬಂತು. ಇದಕ್ಕೆ ಕಾರಣ ಒಂದು ಬಗೆಯ ಬೂಷ್ಟು. ಮಳೆಗಾಲ ಮುಗಿದು ಚಳಿ ಬೀಳುವಾಗ ಕೊರವ, ಕಾಟ್ಲಾ, ರೋಹು, ಮೃಗಾಲ್ ಮೀನುಗಳ ಮೈಮೇಲೆ ಆಳವಾದ ಹುಣ್ಣಾಗುತ್ತದೆ. ಜಿಲೇಬಿ ಮೀನು ಈ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ವೈರಸ್ ಬಂದರೆ: ಜಿಲೇಬಿ ಮಾತ್ರ ಸಾಯುತ್ತದೆ, ಜೊತೆಗಿರುವ ಕಾಟ್ಲಾ-ಗೆಂಡೆ ಆರಾಮಾಗಿರುತ್ತವೆ. ಬಿಸಿಲೇರಿದರೂ ಸುಧಾರಿಸುವುದಿಲ್ಲ. ಒಂದೆರಡು ವಾರ ಸಾವು ಮುಂದುವರಿಯುತ್ತದೆ.

ಹೀಗೆ ನೋಡಿ ನಾವು ಅನುಮಾನ ಪಡಬಹುದು ಅಷ್ಟೆ. ಬ್ಯಾಕ್ಟೀರಿಯಾದಿಂದಲೂ ಜಿಲೇಬಿಯ ಕಣ್ಣು ಉಬ್ಬುವುದುಂಟು, ಕೆಲವೊಮ್ಮೆ ಎರಡೂ ಒಟ್ಟಿಗೆ ಇರುತ್ತವೆ. ಖಚಿತವಾಗಿ ಹೇಳಲು ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

5. ಔಷಧಿ ಇದೆಯೇ?

ಈ ವೈರಸ್ ಹೊಕ್ಕ ಮೀನನ್ನು ಗುಣಪಡಿಸುವ ಔಷಧಿ ಇಲ್ಲ. ಲಸಿಕೆಗಾಗಿ ಹಲವು ದೇಶಗಳಲ್ಲಿ ಸಂಶೋಧನೆ ನಡೆದಿದೆ. ರೋಗ ತಡೆದುಕೊಳ್ಳುವ ತಳಿಯನ್ನು ಆರಿಸುವ ಪ್ರಯತ್ನವೂ ನಡೆದಿದೆ. ಆದರೆ ಮೀನು ಸಾಯುತ್ತಿರುವಾಗ ಅಂಗಡಿಯವರು "ಈ ಪೌಡರ್ ಹಾಕಿ, ಮೂರು ದಿನದಲ್ಲಿ ನಿಂತುಹೋಗುತ್ತೆ" ಅಂದರೆ ನಂಬಬೇಡಿ. ಆಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ದುಡ್ಡು ಹೋಗುವುದಲ್ಲದೆ ಔಷಧಿಯ ಅಂಶ ಮೀನಿನಲ್ಲಿ ಉಳಿದು ತಿನ್ನುವವರಿಗೂ ಕೆಡಕು. ಇಲ್ಲಿ ಬಾರದಂತೆ ತಡೆಯುವುದೇ ಔಷಧಿ.

6. ಬಾರದಂತೆ ತಡೆಯುವುದು

ಮರಿ ಕೊಳ್ಳುವಾಗ: ಸಂಘದ ಇಬ್ಬರಾದರೂ ಹೋಗಿ ಕಣ್ಣಾರೆ ನೋಡಿ ತನ್ನಿ. ಮೀನುಗಾರಿಕೆ ಇಲಾಖೆ ಒಪ್ಪಿದ ಕೇಂದ್ರದಿಂದಲೇ ಕೊಳ್ಳಿ. ರಸೀದಿ ಕೇಳಿ ಪಡೆಯಿರಿ. ತಾಯಿ ಮೀನನ್ನು, ಮರಿಯನ್ನು ವೈರಸ್‌ಗೆ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ವಿಚಾರಿಸಿ. ಮನೆ ಬಾಗಿಲಿಗೆ ತಂದು ಅರ್ಧ ಬೆಲೆಗೆ ಕೊಡುವ ಮರಿ ಎಲ್ಲಿಯದು ಎಂದು ಹೇಳಲು ಮಾರುವವನಿಗೇ ಗೊತ್ತಿರುವುದಿಲ್ಲ.

ಅನುಮತಿ: ತಿಲಾಪಿಯ ನಮ್ಮ ದೇಶದ ಮೀನಲ್ಲ. ಒಂದು ಜಾತಿಯನ್ನು 1952ರಲ್ಲಿ ಭಾರತಕ್ಕೆ ತಂದರು. ಅದು ಮಿತಿಮೀರಿ ಮರಿ ಹಾಕಿ ಕೆರೆಗಳನ್ನೆಲ್ಲ ತುಂಬಿ, ಊರ ಮೀನುಗಳಿಗೆ ಕುತ್ತು ತಂದಿತು. ಈಗ ಸಾಕುವ 'ಗಿಫ್ಟ್' ಎಂಬ ಸುಧಾರಿತ ತಳಿಯ ಕೆಲಸ ಶುರುವಾದದ್ದು 1988ರಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ. ಇದನ್ನು ಸಾಕಲು ಇಲಾಖೆಯ ಅನುಮತಿ ಬೇಕು. ತಪ್ಪಿಸಿಕೊಂಡು ಹೋಗದಂತೆ ಕಟ್ಟೆ, ಜಾಲರಿ ಇರುವ ಹೊಂಡದಲ್ಲೇ ಸಾಕಬೇಕು. ಊರ ಕೆರೆಗೆ, ಹೊಳೆಗೆ ಬಿಡಲೇಬಾರದು.

ಹೊಸ ಮರಿಯನ್ನು ಬೇರೆ ಇಡಿ: ಹೊಸ ಸೊಸೆಯನ್ನು ಮೊದಲ ದಿನವೇ ಗದ್ದೆ ಕೆಲಸಕ್ಕೆ ಕಳಿಸುತ್ತೇವೆಯೇ? ಮರಿಗೂ ಹಾಗೇ ಸ್ವಲ್ಪ ದಿನ ಬೇಕು. ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ, ಆಮೇಲೆ ಹೊಂಡಕ್ಕೆ ಬಿಡಿ. ಹೊಂಡದೊಳಗೇ ಬಲೆ ಕಟ್ಟಿ ಬಿಟ್ಟರೆ ನೀರು ಒಂದೇ ಆಗುವುದರಿಂದ ರೋಗ ತಡೆದಂತಾಗುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ತಂಪಿನಲ್ಲಿ ಬಿಡಿ. ಮರಿ ತಂದ ಕವರನ್ನು ಸ್ವಲ್ಪ ಹೊತ್ತು ತೊಟ್ಟಿಯ ನೀರಿನ ಮೇಲೆ ತೇಲಲು ಬಿಟ್ಟು, ಬಿಸಿ ಸಮವಾದ ಮೇಲೆ ಬಿಚ್ಚಿ. ಕವರಿನ ನೀರನ್ನು ಒಳಕ್ಕೆ ಸುರಿಯಬೇಡಿ.

ಕಿಕ್ಕಿರಿದು ತುಂಬಬೇಡಿ: ಜಾಸ್ತಿ ಮರಿ ಬಿಟ್ಟರೆ ಜಾಸ್ತಿ ಲಾಭ ಎಂಬುದು ತಪ್ಪು ಲೆಕ್ಕ. ಇಕ್ಕಟ್ಟಿನಲ್ಲಿ ಮೀನು ಸೊರಗುತ್ತದೆ, ರೋಗವೂ ಬೇಗ ಹರಡುತ್ತದೆ.

ಬಲೆ-ಬುಟ್ಟಿ: ಸಂಘಕ್ಕೆ ಸ್ವಂತ ಬಲೆ ಇರಲಿ. ಎರವಲು ತಂದರೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಅದ್ದಿ, ತೊಳೆದು, ಗರಿಗರಿ ಬಿಸಿಲಿಗೆ ಒಣಗಿಸಿಯೇ ನೀರಿಗೆ ಇಳಿಸಿ.

ಒಂದೇ ಬುಟ್ಟಿಯಲ್ಲಿ ಎಲ್ಲಾ ಮೊಟ್ಟೆ ಬೇಡ: ಎರಡು ಹೊಂಡ ಇದ್ದರೆ ಒಂದರಲ್ಲಿ ಕಾಟ್ಲಾ-ರೋಹು-ಗೆಂಡೆ ಇರಲಿ. ಒಂದು ಜಾತಿಗೆ ರೋಗ ಬಂದರೂ ಇನ್ನೊಂದು ಸಂಘವನ್ನು ಕಾಪಾಡುತ್ತದೆ.

ದಾಖಲೆ ಪುಸ್ತಕ: ಉಳಿತಾಯದ ಪುಸ್ತಕ ಬರೆಯುವ ಹಾಗೇ ಹೊಂಡಕ್ಕೂ ಒಂದು ಪುಸ್ತಕ ಇಡಿ. ಮರಿ ತಂದ ದಿನ, ಎಲ್ಲಿಂದ, ಎಷ್ಟು, ಮೇವು ಎಷ್ಟು ಹಾಕಿದಿರಿ, ಎಷ್ಟು ಸತ್ತವು, ಇಷ್ಟು ಬರೆದರೆ ಸಾಕು. ರೋಗ ಬಂದಾಗ ಅಧಿಕಾರಿಗಳು ಮೊದಲು ಕೇಳುವುದು ಇದನ್ನೇ.

7. ಅನುಮಾನ ಬಂದರೆ ಏನು ಮಾಡಬೇಕು?

ಒಂದು: ಆ ಹೊಂಡದಿಂದ ಮೀನು, ನೀರು, ಬಲೆ ಯಾವುದನ್ನೂ ಹೊರಗೆ ಬಿಡಬೇಡಿ. ಮೇವು ನಿಲ್ಲಿಸಿ.

ಎರಡು: ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಅದೇ ದಿನ ತಿಳಿಸಿ. ಫೋನ್ ಮಾಡಿದರೂ ಒಂದು ಅರ್ಜಿ ಬರೆದು ಕೊಟ್ಟು, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ದೇಶದಲ್ಲಿ 2013ರಿಂದ ಜಲಚರಗಳ ರೋಗದ ಮೇಲೆ ನಿಗಾ ಇಡುವ ರಾಷ್ಟ್ರೀಯ ಕಾರ್ಯಕ್ರಮ ನಡೆದಿದೆ. 2023ರ ಜೂನ್‌ನಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ಮೊಬೈಲ್ ಆಪ್ ಕೂಡ ಬಂದಿದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಸಹಾಯದಿಂದ ಫೋಟೋ ಸಮೇತ ತಿಳಿಸಬಹುದು.

ಮೂರು: ಪರೀಕ್ಷೆಗೆ ಮೀನು ಬೇಕು. ಕೊಳೆತ ಮೀನು ಪ್ರಯೋಜನಕ್ಕೆ ಬಾರದು. ಸಾಯುವ ಸ್ಥಿತಿಯಲ್ಲಿರುವ ಅಥವಾ ಆಗಷ್ಟೇ ಸತ್ತ ಕೆಲವು ಮೀನುಗಳನ್ನು ಎರಡು ಪದರ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಅಧಿಕಾರಿಗಳು ಹೇಳಿದಲ್ಲಿಗೆ ತಲುಪಿಸಿ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ತಜ್ಞರ ಸಲಹೆಯನ್ನೂ ಕೇಳಬಹುದು.

ನಾಲ್ಕು: ಸತ್ತ ಮೀನನ್ನು ದಿನಕ್ಕೆರಡು ಸಲ ತೆಗೆಯಿರಿ. ಬಾವಿ, ಕೆರೆಯಿಂದ ದೂರ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿ ಕೆದಕದಂತೆ ಮಣ್ಣು ಮುಚ್ಚಿ. ಗುಂಡಿ ಮುಚ್ಚಿದ ಮೇಲೆ ಕೈಕಾಲು, ಪಾತ್ರೆ ಸೋಪಿನಿಂದ ತೊಳೆಯಿರಿ.

ಐದು: ಎಲ್ಲ ಮುಗಿದ ಮೇಲೆ ಇಲಾಖೆಯವರು ಹೇಳಿದಂತೆ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಹೊಂಡದಲ್ಲಿರುವ ಬೇಡದ ಮೀನನ್ನು ನಾಶಮಾಡಲು ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದು ಮೀಟರ್ ಆಳದ ಒಂದು ಎಕರೆಗೆ ಸುಮಾರು 140 ಕಿಲೋ. ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಹಾಕಬೇಕು. ಆಮೇಲೆ ನೀರು ತೆಗೆದು, ತಳ ಬಿರಿಯುವವರೆಗೆ ಒಣಗಿಸಿ, ಸುಣ್ಣ ಹಾಕಿ. ಬದುಕುಳಿದ ಮೀನನ್ನು ಮರಿ ಮಾಡಿಸಲು ಇಟ್ಟುಕೊಳ್ಳಬೇಡಿ, ಬೇರೆಯವರಿಗೆ ಸಾಕಲು ಕೊಡಬೇಡಿ.

8. ಮುಚ್ಚಿಟ್ಟರೆ ಯಾರಿಗೆ ನಷ್ಟ?

ಹೊಂಡದಲ್ಲಿ ಮೀನು ಸಾಯತೊಡಗಿದಾಗ ಮನಸ್ಸಿಗೆ ಮೊದಲು ಬರುವ ಯೋಚನೆ ಏನು? "ಯಾರಿಗೂ ಹೇಳೋದು ಬೇಡ. ಸುದ್ದಿಯಾದರೆ ನಮ್ಮ ಮೀನು ಯಾರೂ ಕೊಳ್ಳೋದಿಲ್ಲ. ಬದುಕಿರೋದನ್ನ ಬೇಗ ಮಾರಿಬಿಡೋಣ, ಸತ್ತದ್ದನ್ನ ರಾತ್ರಿ ಕಾಲುವೆಗೆ ಎಸೆಯೋಣ." ಸಾಲ ತಲೆಮೇಲಿರುವಾಗ ಹೀಗೆ ಅನಿಸುವುದು ಸಹಜ, ಇದರಲ್ಲಿ ಯಾರನ್ನೂ ಬೈಯುವಂಥದ್ದಿಲ್ಲ. ಆದರೆ ಆ ಕಾಲುವೆಯ ಕೆಳಗೆ ಇನ್ನೊಂದು ಸಂಘದ ಹೊಂಡ ಇದೆ. ಜೀವಂತ ಮೀನನ್ನು ಕೊಂಡವನು ಅದನ್ನು ಇನ್ನೊಬ್ಬರ ಹೊಂಡಕ್ಕೆ ಮಾರುತ್ತಾನೆ. ಇವತ್ತು ನಾವು ಉಳಿಸಿಕೊಂಡ ನಾಲ್ಕು ಕಾಸು ನಮ್ಮಂಥವಳೇ ಒಬ್ಬ ಹೆಂಗಸಿನ ವರ್ಷದ ದುಡಿಮೆಯನ್ನು ನುಂಗುತ್ತದೆ. ಮುಂದಿನ ವರ್ಷ ಅದೇ ರೋಗ ಸುತ್ತಿಬಳಸಿ ನಮ್ಮ ಹೊಂಡಕ್ಕೇ ವಾಪಸು ಬರುತ್ತದೆ.

ಹಾಗಾದರೆ ಹೇಳಿದವಳು ಒಬ್ಬಳೇ ನಷ್ಟ ಹೊರಬೇಕೇ? ಇಲ್ಲಿಯೇ ಸಂಘದ ಕೆಲಸ ಇರುವುದು. ರೋಗ ತಿಳಿಸಿದ ಸದಸ್ಯೆಗೆ ಕಂತು ಕಟ್ಟಲು ಕಾಲಾವಕಾಶ ಕೊಡುವುದು, ಒಕ್ಕೂಟದಿಂದ ಬ್ಯಾಂಕಿಗೆ ಹೋಗಿ ಮಾತಾಡುವುದು, ಹೊಂಡ ಶುದ್ಧ ಮಾಡಲು ಎಲ್ಲರೂ ಕೈ ಜೋಡಿಸುವುದು, ಇವನ್ನು ಮೊದಲೇ ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ಹೇಳಿದರೆ ಸಂಘ ಕೈಬಿಡುವುದಿಲ್ಲ ಎಂಬ ಧೈರ್ಯ ಇದ್ದರೆ ಯಾರೂ ಮುಚ್ಚಿಡುವುದಿಲ್ಲ. ಮೀನು ಸಾಕಣೆಗೆ ವಿಮೆಯೂ ಇದೆ. 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಮತ್ಸ್ಯ ಕಿಸಾನ್ ಸಮೃದ್ಧಿ ಸಹ ಯೋಜನೆಯಲ್ಲಿ ವಿಮೆಯ ಕಂತಿಗೆ ಸಹಾಯಧನ ಇಟ್ಟಿದ್ದಾರೆ. ಮಾಡಿಸುವ ಮುನ್ನ ರೋಗದಿಂದಾದ ಸಾವಿಗೂ ಪರಿಹಾರ ಸಿಗುತ್ತದೆಯೇ ಎಂದು ಕೇಳಿ, ಕಾಗದದಲ್ಲಿ ಓದಿಸಿ ನೋಡಿ ಸಹಿ ಹಾಕಿ.

9. ಸಭೆಗಳಲ್ಲಿ ಕೇಳುವ ಪ್ರಶ್ನೆಗಳು

"ಅಕ್ಕಾ, ಈ ರೋಗ ಬಂದ ಮೀನು ತಿಂದ್ರೆ ನಮಗೂ ಬರುತ್ತಾ?"
ಇಲ್ಲ. ಈ ವೈರಸ್ ಮನುಷ್ಯರಿಗೆ ಬರುವುದಿಲ್ಲ. ಸುಳ್ಳು ಸುದ್ದಿ ಹಬ್ಬಿಸಿ ಮೀನು ಮಾರುವವರ ಹೊಟ್ಟೆಗೆ ಹೊಡೆಯಬೇಡಿ. ಆದರೆ ತಾನಾಗಿ ಸತ್ತು ಕೊಳೆತ ಯಾವ ಮೀನನ್ನೂ ತಿನ್ನಬಾರದು, ಮಾರಬಾರದು. ಮೀನು ತೊಳೆದ ನೀರು, ಕರುಳು, ಹುರುಪೆಯನ್ನು ಹೊಂಡಕ್ಕೆ ಹಾಕಬೇಡಿ.

"ಉಳಿದ ಮೀನು ದಪ್ಪ ಇದಾವೆ, ಮಾರಬಹುದಾ?"
ಇಲಾಖೆಯವರು ನೋಡಿ ಒಪ್ಪಿದ ಮೇಲೆ ಮಾರಿ. ಜೀವಂತವಾಗಿ ಮಾತ್ರ ಯಾರಿಗೂ ಕೊಡಬೇಡಿ.

"ದನ-ಕೋಳಿ ಆ ನೀರು ಕುಡಿದ್ರೆ?"
ಇದು ಮೀನಿನ ವೈರಸ್, ದನ-ಕೋಳಿಗೆ ರೋಗ ತರುವುದಿಲ್ಲ. ಆದರೆ ಸತ್ತ ಮೀನು ಕೊಳೆತ ನೀರು, ಬ್ಲೀಚಿಂಗ್ ಹಾಕಿದ ನೀರು ಯಾವುದಕ್ಕೂ ಒಳ್ಳೆಯದಲ್ಲ. ಕುಡಿಸಬೇಡಿ.

"ಒಂದು ಸಲ ಬಂದ ಮೇಲೆ ಮೀನು ಸಾಕೋದೇ ಬಿಡಬೇಕಾ?"
ಬೇಡ. ಹೊಂಡ ಒಣಗಿಸಿ ಶುದ್ಧ ಮಾಡಿ, ಮುಂದಿನ ಸಲ ಕಾಟ್ಲಾ, ರೋಹು ಬಿಟ್ಟು ನೋಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘ ಕಳೆದ ಸಲ ಮೀನುಮರಿ ಎಲ್ಲಿಂದ ತಂದಿತು? ರಸೀದಿ ಇದೆಯೇ?
2. ನಮ್ಮ ಹೊಂಡದ ನೀರು ಹೊರಗೆ ಹೋದರೆ ಯಾರ ಹೊಂಡಕ್ಕೆ ಸೇರುತ್ತದೆ? ಅವರ ಜೊತೆ ನಾವು ಮಾತಾಡಿದ್ದೇವೆಯೇ?
3. ನಮ್ಮ ಬಲೆಯನ್ನು ಬೇರೆ ಯಾರು ಯಾರು ಬಳಸುತ್ತಾರೆ?
4. ಒಬ್ಬ ಸದಸ್ಯೆಯ ಹೊಂಡಕ್ಕೆ ರೋಗ ಬಂದರೆ ಸಂಘ ಏನು ಮಾಡಬೇಕು? ನಿರ್ಣಯ ಬರೆದು ಎಲ್ಲರೂ ಸಹಿ ಮಾಡಿ.
5. ತಾಲ್ಲೂಕು ಮೀನುಗಾರಿಕೆ ಕಚೇರಿಯ ಫೋನ್ ನಂಬರ್ ಯಾರ ಹತ್ತಿರ ಇದೆ? ಇವತ್ತೇ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.